ನಾರ್ತ್ ಯಾರ್ಕ್ ಮೂರ್ಸ್‌ನಲ್ಲಿ ಗ್ರಾವೆಲ್ ಸೈಕಲ್: ದಿಣ್ಣೆಯ ನೆತ್ತಿ ಹಿಡಿದು ಹೋಗಬೇಕೋ, ಕಣಿವೆಗಳನ್ನು ದಾಟಬೇಕೋ?

ಕಪ್ಪುಮಣ್ಣು:

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಯಲ್ಲಿ ಇಂಗ್ಲೆಂಡಿನ ಮಿಡಲ್ಸ್‌ಬರೋದಲ್ಲಿರುವ ತಂಗಿಯ ಮನೆಗೆ ಹೋಗುತ್ತಿದ್ದೇನೆ. ಆ ಊರಿನ ದಕ್ಷಿಣಕ್ಕೆ ಹಬ್ಬಿರುವ ನಾರ್ತ್ ಯಾರ್ಕ್ ಮೂರ್ಸ್‌ನ ಬೋಳು ದಿಣ್ಣೆಗಳ ಮೇಲೆ ಗ್ರಾವೆಲ್ ಸೈಕಲ್, ಅಂದರೆ ಜಲ್ಲಿದಾರಿಗೆಂದೇ ಮಾಡಿದ ಸೈಕಲ್, ಓಡಿಸಬೇಕೆಂಬ ಆಸೆ ಬಹಳ ದಿನಗಳದ್ದು. ಸೈಕಲ್ಲನ್ನು ಅಲ್ಲಿಯೇ ಬಾಡಿಗೆಗೆ ಪಡೆಯುತ್ತೇನೆ. ಧಾರವಾಡದ ಸುತ್ತಲಿನ ಎರೆಮಣ್ಣಿನ ಗಾಡಿದಾರಿಗಳಲ್ಲಿ ಓಡಿಸಿ ರೂಢಿಯಿದೆ, ಆದರೆ ಕಡಿದಾದ ಏರುಗಳ ರೂಢಿ ಅಷ್ಟಾಗಿ ಇಲ್ಲ.

ನಕ್ಷೆ ನೋಡಿ ನಾನೇ ಒಂದು ದಾರಿಯನ್ನು ಗುರುತು ಮಾಡಿಕೊಂಡಿದ್ದೇನೆ. ಕಿಲ್ಡೇಲ್ ನಿಲ್ದಾಣದಿಂದ ಹೊರಟು ವೆಸ್ಟರ್‌ಡೇಲ್, ಅಲ್ಲಿಂದ ಫಾರ್ನ್‌ಡೇಲ್, ಆಮೇಲೆ ರೋಸ್‌ಡೇಲ್, ಕೊನೆಗೆ ಉತ್ತರಕ್ಕೆ ತಿರುಗಿ ಗ್ಲೇಸ್‌ಡೇಲ್‌ನಲ್ಲಿ ರೈಲು ಹತ್ತುವುದು. ಒಟ್ಟು ದೂರ ಐವತ್ತು ಕಿಲೋಮೀಟರಿನ ಆಸುಪಾಸು. ಒಂದು ಹಗಲಿಗೆ ಇದು ಹೊಂದುವುದೇ? ಬೇರೆ ಯಾವ ದಾರಿಗಳನ್ನು ಬಿಡಬಾರದು? ಅಲ್ಲಿ ಓಡಿಸಿದವರು ದಯವಿಟ್ಟು ತಿಳಿಸಬೇಕು.

ಟೀಸ್ ದಂಡೆ:

ಸರ್, ನೀವು ಗುರುತು ಮಾಡಿದ ದಾರಿ ನಕ್ಷೆಯಲ್ಲಿ ಸೊಗಸಾಗಿ ಕಾಣುತ್ತದೆ, ಆದರೆ ಕಾಲಿಗೆ ಅದು ಶಿಕ್ಷೆ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿನ ಎಲ್ಲ ದಾರಿಗಳ ಲೆಕ್ಕಾಚಾರವೂ ಇದೊಂದರ ಮೇಲೆಯೇ ನಿಂತಿದೆ.

1952ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಪ್ರದೇಶದ ವಿಸ್ತೀರ್ಣ ಸುಮಾರು 1,436 ಚದರ ಕಿಲೋಮೀಟರ್. ಅತ್ಯಂತ ಎತ್ತರದ ಜಾಗವಾದ ಉರ‍್ರಾ ಮೂರ್‌ನ ರೌಂಡ್ ಹಿಲ್ ಕೂಡ ಕೇವಲ 454 ಮೀಟರ್ ಇದೆ. ಈ ಸಂಖ್ಯೆಯನ್ನು ನೋಡಿ ನಮ್ಮವರು ಇದೇನು ಮಹಾ ಎಂದುಕೊಳ್ಳುತ್ತಾರೆ. ಇಡೀ ಪ್ರದೇಶವನ್ನು ಎರಡೂ ಕಡೆ ಹಲ್ಲಿರುವ ಹೇನಿನ ಹಣಿಗೆ ಎಂದು ಕಲ್ಪಿಸಿಕೊಳ್ಳಿ. ಪೂರ್ವ ಪಶ್ಚಿಮವಾಗಿ ಮಲಗಿರುವ ನಡುದಿಣ್ಣೆಯೇ ಅದರ ಬೆನ್ನು. ದಕ್ಷಿಣದ ಕಡೆ ಬಿಲ್ಸ್‌ಡೇಲ್, ಬ್ರಾನ್ಸ್‌ಡೇಲ್, ಫಾರ್ನ್‌ಡೇಲ್, ರೋಸ್‌ಡೇಲ್ ಎಂಬ ಕಣಿವೆಗಳು ಇಳಿಯುತ್ತವೆ. ಉತ್ತರದ ಕಡೆ ಬೇಸ್‌ಡೇಲ್, ವೆಸ್ಟರ್‌ಡೇಲ್, ಡ್ಯಾನ್‌ಬಿ ಡೇಲ್, ಫ್ರೈಅಪ್ ಎಂಬ ಹೆಸರಿನ ಎರಡು ಕಣಿವೆಗಳು ಮತ್ತು ಗ್ಲೇಸ್‌ಡೇಲ್ ಎಸ್ಕ್ ನದಿಯತ್ತ ಇಳಿಯುತ್ತವೆ. ಎರಡು ಕಣಿವೆಗಳ ನಡುವಿನ ದಿಣ್ಣೆಯ ನೆತ್ತಿ ಹೆಚ್ಚುಕಡಿಮೆ ಸಮತಟ್ಟಾಗಿದ್ದು, ಮೇಲೆ ಹೆದರ್ ಎಂಬ ಕುಳ್ಳು ಪೊದೆಯ ಬಯಲು ಹರಡಿರುತ್ತದೆ. ಕಣಿವೆಯ ಗೋಡೆಗಳು ಮಾತ್ರ ನೇರವಾಗಿ ಬೀಳುತ್ತವೆ.

ಹೀಗಾಗಿ ದಿಣ್ಣೆಯ ಉದ್ದಕ್ಕೆ ಹೋಗುವವನಿಗೆ ಹತ್ತು ಕಿಲೋಮೀಟರ್ ಸಲೀಸಾಗಿ ಕಳೆದುಹೋಗುತ್ತದೆ. ಅಡ್ಡಡ್ಡ ಹೋಗುವವನು ಪ್ರತಿ ಕಣಿವೆಗೂ ಇನ್ನೂರು ಮೀಟರಿನಷ್ಟು ಇಳಿದು ಅಷ್ಟೇ ಏರಬೇಕು, ಅದೂ ನಾಲ್ಕಕ್ಕೆ ಒಂದು, ಮೂರಕ್ಕೆ ಒಂದು (ಮೂರು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು) ಎನ್ನುವಂಥ ಇಳಿಜಾರುಗಳಲ್ಲಿ. ರೋಸ್‌ಡೇಲ್‌ನಿಂದ ಮೇಲೇರುವ ಚಿಮ್ನಿ ಬ್ಯಾಂಕ್ ಎಂಬ ಡಾಂಬರು ರಸ್ತೆ ಮೂರಕ್ಕೆ ಒಂದರ ಏರು. ಇಂಗ್ಲೆಂಡಿನ ಅತಿ ಕಡಿದಾದ ರಸ್ತೆಗಳ ಸಾಲಿನಲ್ಲಿ ಅದರ ಹೆಸರು ತಪ್ಪದೆ ಬರುತ್ತದೆ. ನಿಮ್ಮ ದಾರಿ ಹಣಿಗೆಯ ಹಲ್ಲುಗಳನ್ನು ಒಂದಾದ ಮೇಲೊಂದು ಅಡ್ಡ ಹಾಯುತ್ತದೆ. ನನ್ನ ಸಲಹೆ ಇಷ್ಟೇ: ಒಮ್ಮೆ ಕಷ್ಟಪಟ್ಟು ಮೇಲೆ ಹತ್ತಿ, ಹತ್ತಿದ ಮೇಲೆ ಮೇಲೆಯೇ ಇರಿ, ಸಂಜೆ ಒಮ್ಮೆ ಮಾತ್ರ ಇಳಿಯಿರಿ.

ಹಳೆಹಳಿ:

ಮೇಲಿನ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಹಾಗೆ ಮೇಲೆಯೇ ಇರುವುದಕ್ಕೆ ಹೇಳಿ ಮಾಡಿಸಿದ ದಾರಿಯೊಂದು ಅಲ್ಲಿ ನೂರು ವರ್ಷಗಳಿಂದ ಬಿದ್ದುಕೊಂಡಿದೆ. ರೋಸ್‌ಡೇಲ್‌ನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಒಳ್ಳೆಯ ಕಬ್ಬಿಣದ ಅದಿರು ಸಿಕ್ಕಿತು. ಅದನ್ನು ಟೀಸ್ ನದಿಯ ಬದಿಯ ಕುಲುಮೆಗಳಿಗೆ ಸಾಗಿಸಲು ದಿಣ್ಣೆಯ ನೆತ್ತಿಯ ಮೇಲೆಯೇ ರೈಲುಹಾದಿ ಹಾಕಿದರು. 1861ರಲ್ಲಿ ಆರಂಭವಾದ ಆ ಹಾದಿ 1929ರಲ್ಲಿ ಮುಚ್ಚಿತು. ಹಳಿಗಳನ್ನು ಕಿತ್ತು ಒಯ್ದರು, ಹಾಸು ಮಾತ್ರ ಉಳಿಯಿತು. ಆವಿ ಎಂಜಿನ್ನಿಗೆ ಏರು ಆಗದ ಕಾರಣ ಹಾದಿಯನ್ನು ಒಂದೇ ಎತ್ತರದಲ್ಲಿ ಬಳಸಿಕೊಂಡು ಹೋಗುವಂತೆ, ತಗ್ಗಿರುವಲ್ಲಿ ಏರಿ ಕಟ್ಟಿ, ಉಬ್ಬಿರುವಲ್ಲಿ ಕಡಿದು ಮಾಡಿದ್ದಾರೆ. ಇಂದು ಗ್ರಾವೆಲ್ ಸೈಕಲ್ಲಿಗೆ ಬೇಕಾದದ್ದೂ ಅದೇ.

ದಾರಿ ಹೀಗಿದೆ. ಮಿಡಲ್ಸ್‌ಬರೋದಿಂದ ವಿಟ್ಬಿಗೆ ಹೋಗುವ ಎಸ್ಕ್ ಕಣಿವೆಯ ರೈಲಿನಲ್ಲಿ ಬ್ಯಾಟರ್ಸ್‌ಬಿಯಲ್ಲಿ ಇಳಿಯಿರಿ. ಅಲ್ಲಿ ರೈಲು ತಲೆ ಬದಲಿಸಿ ಬಂದ ದಿಕ್ಕಿಗೇ ಮತ್ತೆ ಹೊರಡುವುದನ್ನು ನೋಡಿದರೆ, ಒಂದು ಕಾಲದಲ್ಲಿ ಅದು ಜಂಕ್ಷನ್ ಆಗಿತ್ತೆಂಬುದು ತಿಳಿಯುತ್ತದೆ. ಇಂಗಲ್‌ಬಿ ಗ್ರೀನ್‌ಹೌ ಹಳ್ಳಿಯ ಮೂಲಕ ಕಾಡಿನಂಚಿಗೆ ಹೋದರೆ ಎದುರಿಗೆ ಇಂಗಲ್‌ಬಿ ಇಂಕ್ಲೈನ್ ಎಂಬ ಹಳೆಯ ರೈಲುಹಾದಿಯ ಕಡಿದಾದ ಏರು ನಿಲ್ಲುತ್ತದೆ. ಒಂದು ಕಿಲೋಮೀಟರಿಗೂ ಮಿಕ್ಕಿದ ಉದ್ದ, ತೀರಾ ಕಡಿದಾದಲ್ಲಿ ಐದಕ್ಕೆ ಒಂದರ ಏರು. ಅದಿರು ತುಂಬಿದ ಬಂಡಿಗಳು ತಮ್ಮ ಭಾರದಿಂದಲೇ ಕೆಳಗಿಳಿಯುತ್ತ, ಹಗ್ಗದ ಇನ್ನೊಂದು ತುದಿಯಲ್ಲಿದ್ದ ಖಾಲಿ ಬಂಡಿಗಳನ್ನು ಮೇಲೆಳೆಯುತ್ತಿದ್ದವು. ನಿಮ್ಮನ್ನು ಎಳೆಯುವ ಬಂಡಿ ಈಗಿಲ್ಲವಾದ್ದರಿಂದ ಇಳಿದು ತಳ್ಳುವುದೇ ಲೇಸು; ಗಟ್ಟಿಗರೂ ತಳ್ಳುತ್ತಾರೆ.

ಮೇಲೆ ತಲುಪಿದ ಮೇಲೆ ಬ್ಲೋವರ್ತ್ ಕ್ರಾಸಿಂಗ್ ಎಂಬ ನಿರ್ಜನ ಕೂಡುದಾರಿ ಸಿಗುತ್ತದೆ. ಅಲ್ಲಿಂದ ಬ್ಲೇಕಿ ದಿಣ್ಣೆಯ ಲಯನ್ ಇನ್ ವರೆಗೆ ಸುಮಾರು ಒಂಬತ್ತು ಕಿಲೋಮೀಟರ್ ಹಾದಿ ಫಾರ್ನ್‌ಡೇಲ್‌ನ ತಲೆಯನ್ನು ಬಳಸಿ ಸುತ್ತುತ್ತದೆ. ಎಡಬಲಕ್ಕೆ ವಾಲುವುದೇ ಹೊರತು ಏರುವುದಿಲ್ಲ. ಲಯನ್ ಇನ್ ಸುಮಾರು 400 ಮೀಟರ್ ಎತ್ತರದಲ್ಲಿರುವ ಹಳೆಯ ಹೋಟೆಲು, ಊಟ ಸಿಗುತ್ತದೆ. ದಾರಿಯಲ್ಲಿ ಬೇರೆಲ್ಲೂ ನೀರಿನ ನಲ್ಲಿಯಿಲ್ಲ, ಮರದ ನೆರಳಿಲ್ಲ, ಗಾಳಿಗೆ ಮರೆಯೂ ಇಲ್ಲ.

ಲೀಡ್ಸ್‌ವಾಸಿ:

ಇಬ್ಬರೂ ಹಿರಿಯರು ಹೇಳಿದ್ದು ಸರಿಯಾಗಿಯೇ ಇದೆ. ಆದರೂ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ.

ಬ್ಲೋವರ್ತ್‌ನಿಂದ ಬ್ಲೇಕಿಯ ತನಕ ರೈಲುಹಾದಿಯಲ್ಲಿ ಓಡಿಸುವುದು ಮೊದಲರ್ಧ ಗಂಟೆ ಅದ್ಭುತ. ಆಮೇಲೆ ಅದೇ ಕಪ್ಪು ಜಲ್ಲಿ, ಅದೇ ಹೆದರ್, ಅದೇ ಅಡ್ಡಗಾಳಿ. ಈ ನಾಡಿನ ಜೀವವಿರುವುದು ಕೆಳಗೆ. ಕಲ್ಲಿನ ಒಣಗೋಡೆಗಳ ನಡುವಿನ ಹಸಿರು ಹೊಲಗಳು, ಕೆಂಪು ಹೆಂಚಿನ ರೈತಮನೆಗಳು, ತೊರೆಯ ಮೇಲಿನ ಸಣ್ಣ ಸೇತುವೆಗಳು, ಹಳ್ಳಿಯ ಚಹಾದಂಗಡಿ ಎಲ್ಲವೂ ಕಣಿವೆಗಳಲ್ಲಿವೆ. ಇಡೀ ದಿನ ನೆತ್ತಿಯ ಮೇಲೆಯೇ ಇದ್ದವರು ಮೂರ್ಸ್ ನೋಡಿದಂತಾಗುತ್ತದೆಯೇ ಹೊರತು ಡೇಲ್ಸ್ ನೋಡಿದಂತಾಗುವುದಿಲ್ಲ. ಐದು ಕಣಿವೆ ದಾಟಬೇಡಿ ಎನ್ನುವುದನ್ನು ಒಪ್ಪುತ್ತೇನೆ. ಒಂದಾದರೂ ದಾಟಿ. ನನ್ನ ಆಯ್ಕೆ ರೋಸ್‌ಡೇಲ್.

ಬ್ಲೇಕಿಯಲ್ಲಿ ರೈಲುಹಾದಿ ಎರಡಾಗಿ ಸೀಳುತ್ತದೆ. ಒಂದು ಕವಲು ಕಣಿವೆಯ ತಲೆಯನ್ನು ಸುತ್ತಿ ಪೂರ್ವದ ಗಣಿಗಳಿಗೆ ಹೋಗುತ್ತದೆ, ಇನ್ನೊಂದು ಪಶ್ಚಿಮದ ಗೋಡೆಯ ಮೇಲಿನ ಬ್ಯಾಂಕ್ ಟಾಪ್‌ಗೆ. ಪೂರ್ವದ ಕವಲು ಹಿಡಿದರೆ ದಾರಿಯಲ್ಲಿ ಸಾಲು ಕಮಾನುಗಳ ಅದಿರಿನ ಗೂಡುಗಳು ಸಿಗುತ್ತವೆ. ಅದಿರನ್ನು ಅಲ್ಲಿ ಸುಟ್ಟು, ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಹಾಕಿ, ತೂಕ ಇಳಿಸಿ, ಆಮೇಲೆ ರೈಲಿಗೇರಿಸುತ್ತಿದ್ದರು. ಕೆಲವೇ ನೂರು ಜನರಿದ್ದ ಕಣಿವೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ತುಂಬಿಕೊಂಡಿದ್ದ ಕಾಲವದು. ಇಂದು ಆ ಗೂಡುಗಳ ಮುಂದೆ ನಿಂತರೆ ಕೇಳಿಸುವುದು ಕುರಿಗಳ ಸದ್ದು ಮಾತ್ರ. ಗೂಡುಗಳ ಆಚೆಯಿಂದ ರೋಸ್‌ಡೇಲ್ ಆಬಿ ಹಳ್ಳಿಗೆ ಇಳಿದು, ಊಟ ಮುಗಿಸಿ, ಚಿಮ್ನಿ ಬ್ಯಾಂಕನ್ನು ಸೈಕಲ್ ತಳ್ಳಿಕೊಂಡು ಹತ್ತಿ, ಪಶ್ಚಿಮದ ಕವಲಿನಿಂದ ಬ್ಲೇಕಿಗೆ ಹಿಂತಿರುಗಬಹುದು. ಹೆಸರಿಗೆ ಕಾರಣವಾದ ಚಿಮ್ನಿಯನ್ನು 1972ರಲ್ಲಿ ಕೆಡವಿದರು, ಏರನ್ನು ಹಾಗೆಯೇ ಬಿಟ್ಟಿದ್ದಾರೆ.

ಒಂದು ಎಚ್ಚರಿಕೆ. ಪೂರ್ವದ ಕವಲಿನಲ್ಲಿ ಒಂದೆರಡು ಕಡೆ ಏರಿ ಕುಸಿದಿದ್ದು, ಅಲ್ಲಿ ಇಳಿದು ನಡೆಯಬೇಕಾಗುತ್ತದೆ.

ಟೀಸ್ ದಂಡೆ:

ಮೇಡಂ, ರೋಸ್‌ಡೇಲ್ ಸುತ್ತು ಚೆನ್ನಾಗಿದೆ ಎನ್ನುವುದರಲ್ಲಿ ವಿವಾದವಿಲ್ಲ. ಅದನ್ನೂ ಬ್ಯಾಟರ್ಸ್‌ಬಿಯ ಏರನ್ನೂ ಒಂದೇ ದಿನಕ್ಕೆ ಸೇರಿಸಿದರೆ, ಹೊಸಬರು ಸಂಜೆಯ ರೈಲು ತಪ್ಪಿಸಿಕೊಳ್ಳುತ್ತಾರೆ ಎನ್ನುವುದಷ್ಟೇ ನನ್ನ ತಕರಾರು. ಎರಡು ದಿನ ಮಾಡಿದರೆ ಯಾರಿಗೂ ಜಗಳವಿಲ್ಲ.

ಮಲೆನಾಡಿಗ:

ಓದುತ್ತ ಹೋದಂತೆ ಕುದುರೆಮುಖ ನೆನಪಾಯಿತು. ಅಲ್ಲಿಯೂ ಹುಲ್ಲುದಿಣ್ಣೆ, ಅಲ್ಲಿಯೂ ಕಬ್ಬಿಣದ ಅದಿರು, 2005ರ ಕೊನೆಗೆ ನಿಂತುಹೋದ ಗಣಿಗಾರಿಕೆ. ಅವರು ಹಳೆಯ ಗಣಿಯ ಹಾದಿಯನ್ನು ಸೈಕಲ್ಲಿಗೆ ಬಿಟ್ಟುಕೊಟ್ಟಂತೆ ನಮ್ಮಲ್ಲಿ ಏಕೆ ಬಿಡುವುದಿಲ್ಲ? ಎರಡೂ ರಾಷ್ಟ್ರೀಯ ಉದ್ಯಾನಗಳೇ ಅಲ್ಲವೇ?

ಟೀಸ್ ದಂಡೆ:

ಕುದುರೆಮುಖ ವನ್ಯಜೀವಿಗಳಿಗಾಗಿ ಮೀಸಲಾದ ಸರ್ಕಾರಿ ಅರಣ್ಯ. ಅಲ್ಲಿ ನಡೆದು ಹೋಗುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು, ಬೇಕಾಗಿರುವುದು ನ್ಯಾಯವೇ. ಇಲ್ಲಿನ ಉದ್ಯಾನದೊಳಗೆ ಊರುಗಳು, ಹೊಲಗಳು, ಹೋಟೆಲುಗಳು ಎಲ್ಲವೂ ಇವೆ. ನೆಲದ ಬಹುಭಾಗ ಖಾಸಗಿಯವರದು. ಆದ್ದರಿಂದ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಆದರೆ ನಿಮ್ಮ ಪ್ರಶ್ನೆಯಿಂದ ಅಗತ್ಯವಾದ ಇನ್ನೊಂದು ವಿಷಯಕ್ಕೆ ಬರಬಹುದು: ಖಾಸಗಿ ನೆಲದ ಮೇಲೆ ಸೈಕಲ್ ಓಡಿಸುವ ಹಕ್ಕು ಎಲ್ಲಿಂದ ಬರುತ್ತದೆ?

ಇಂಗ್ಲೆಂಡಿನಲ್ಲಿ ಹಕ್ಕು ಇರುವುದು ದಾರಿಗೆ. ಫುಟ್‌ಪಾತ್ ಎಂದು ದಾಖಲಾದ ದಾರಿ ನಡೆಯುವವರಿಗೆ ಮಾತ್ರ. ಬ್ರೈಡಲ್‌ವೇ ಎಂದರೆ ಕುದುರೆ ಸವಾರರಿಗೂ ಸೇರಿದ್ದು. 1968ರ ಕಂಟ್ರಿಸೈಡ್ ಕಾಯ್ದೆ ಸೈಕಲ್ಲಿಗೂ ಅಲ್ಲಿ ಅವಕಾಶ ಕೊಟ್ಟಿತು, ಆದರೆ ನಡೆಯುವವರಿಗೂ ಕುದುರೆಗಳಿಗೂ ದಾರಿ ಬಿಟ್ಟುಕೊಡಬೇಕೆಂಬ ಷರತ್ತಿನೊಂದಿಗೆ. ಬೈವೇ ಎಂಬ ಹಳೆಯ ಗಾಡಿದಾರಿಗಳು ಸೈಕಲ್ಲಿಗೆ ಮುಕ್ತ. 2000ದ ಕಾಯ್ದೆಯಿಂದ ಮೂರ್ ಬಯಲುಗಳಲ್ಲಿ ದಾರಿ ಬಿಟ್ಟು ಅಡ್ಡಾಡುವ ಸ್ವಾತಂತ್ರ್ಯ ಬಂತು; ಆ ಸ್ವಾತಂತ್ರ್ಯ ಕಾಲ್ನಡಿಗೆಯವರಿಗೆ ಮಾತ್ರ, ಸೈಕಲ್ಲಿಗಲ್ಲ. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆ ಸೈಕಲ್ಲನ್ನೂ ಸೇರಿಸಿ ಬಹಳ ಉದಾರವಾಗಿದೆ. ಅಲ್ಲಿಂದ ಬಂದವರು ಇಲ್ಲಿಯೂ ಹಾಗೆಯೇ ಎಂದುಕೊಂಡು ಬೈಸಿಕೊಳ್ಳುತ್ತಾರೆ.

ನೆಲದ ಮೇಲೆ ಇದು ಗೊಂದಲ ಹುಟ್ಟಿಸುತ್ತದೆ. ಬೇಟೆಯ ಎಸ್ಟೇಟಿನವರು ತಮ್ಮ ಜೀಪುಗಳಿಗಾಗಿ ಹಾಕಿದ ಅಗಲವಾದ ಜಲ್ಲಿರಸ್ತೆ ನಿಮ್ಮನ್ನು ಕೈಬೀಸಿ ಕರೆಯುತ್ತದೆ. ಅದರ ಮೇಲೆ ನಿಮಗೆ ಯಾವ ಹಕ್ಕೂ ಇಲ್ಲದಿರಬಹುದು. ಪಕ್ಕದಲ್ಲಿ ಕೆಸರು ತುಂಬಿದ ಕುರಿದಾರಿಯೇ ಶತಮಾನಗಳ ಬ್ರೈಡಲ್‌ವೇ ಆಗಿರಬಹುದು. ದಾರಿ ಚೆನ್ನಾಗಿದೆ ಎನ್ನುವುದು ಬೇರೆ, ದಾರಿ ನಮ್ಮದು ಎನ್ನುವುದು ಬೇರೆ. ಫೋನಿನ ಆ್ಯಪ್‌ಗಳು ಎಷ್ಟೋ ಸಲ ಜಲ್ಲಿಯನ್ನು ನೋಡಿ ದಾರಿ ಹಾಕುತ್ತವೆ, ಹಕ್ಕನ್ನು ನೋಡಿ ಅಲ್ಲ. ಆದ್ದರಿಂದ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:25,000 ಅಳತೆಯ ನಕ್ಷೆಯನ್ನೇ ನೋಡಬೇಕು. ಪಶ್ಚಿಮ ಭಾಗಕ್ಕೆ ಓಎಲ್ 26, ಪೂರ್ವಕ್ಕೆ ಓಎಲ್ 27. ಹಸಿರು ಬಣ್ಣದ ಉದ್ದ ಗೆರೆಗಳ ಸಾಲು ಬ್ರೈಡಲ್‌ವೇ, ಗಿಡ್ಡ ಗೆರೆಗಳ ಸಾಲು ಫುಟ್‌ಪಾತ್. ಹಳೆಯ ರೈಲುಹಾದಿಯ ಕೆಲವು ತುಂಡುಗಳಲ್ಲಿ ಕಾನೂನಿನ ಹಕ್ಕಿಲ್ಲ, ಭೂಮಾಲೀಕರ ಅನುಮತಿಯಿಂದ ತೆರೆದಿರುತ್ತವೆ. ಗೇಟಿನ ಬಳಿಯ ಫಲಕವನ್ನು ಓದಿ ಮುಂದೆ ಹೋಗಿ.

1969ರಲ್ಲಿ ತೆರೆದ ಕ್ಲೀವ್‌ಲ್ಯಾಂಡ್ ವೇ ಎಂಬ ದೂರದಾರಿಯ ಫಲಕಗಳು ಎಲ್ಲೆಡೆ ಕಾಣುತ್ತವೆ. ಆ ಫಲಕವಿದ್ದ ಮಾತ್ರಕ್ಕೆ ಸೈಕಲ್ ಹೋಗಬಹುದೆಂದು ತಿಳಿಯಬಾರದು. ಅದರ ಕೆಲವು ಭಾಗ ಮಾತ್ರ ಬ್ರೈಡಲ್‌ವೇ.

ಚೈನ್‌ಎಣ್ಣೆ:

ಸೈಕಲ್ ಬಾಡಿಗೆಗೆ ಪಡೆಯುವಾಗ ನೋಡಬೇಕಾದದ್ದನ್ನು ಹೇಳುತ್ತೇನೆ.

ಟೈರ್ 40 ಮಿಲಿಮೀಟರಿಗಿಂತ ಕಿರಿದಾಗಿರಬಾರದು. 45 ಇದ್ದರೆ ಒಳ್ಳೆಯದು. ಟ್ಯೂಬ್‌ಲೆಸ್ ಆಗಿರಲಿ, ಒಳಗಿನ ಸೀಲೆಂಟ್ ದ್ರವ ಒಣಗಿಲ್ಲವೆಂದು ಅಂಗಡಿಯವರನ್ನು ಕೇಳಿ. ಎಪ್ಪತ್ತು ಕಿಲೋ ತೂಗುವವರಿಗೆ 30ರಿಂದ 35 ಪಿಎಸ್‌ಐ ಗಾಳಿ ಸಾಕು. ನಮ್ಮಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಗಾಳಿ ತುಂಬುವ ಅಭ್ಯಾಸವಿದೆ, ಇಲ್ಲಿ ಹಾಗೆ ತುಂಬಿದರೆ ಜಲ್ಲಿಯ ಮೇಲೆ ಚಕ್ರ ಕುಣಿಯುತ್ತದೆ, ಕೈ ಮರಗಟ್ಟುತ್ತದೆ. ಗೇರ್ ವಿಷಯದಲ್ಲಿ ಒಂದೇ ಪರೀಕ್ಷೆ: ಹಿಂದಿನ ಕ್ಯಾಸೆಟ್ಟಿನ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲಿನ) ಅತಿ ದೊಡ್ಡ ಚಕ್ರಕ್ಕೆ ಮುಂದಿನ ಅತಿ ಚಿಕ್ಕ ಚಕ್ರಕ್ಕಿಂತ ಹೆಚ್ಚು ಹಲ್ಲು ಇರಬೇಕು. ಇಲ್ಲವಾದರೆ ಆ ಸೈಕಲ್ ಬೇಡ. ಡಿಸ್ಕ್ ಬ್ರೇಕಿನ ಪ್ಯಾಡ್‌ಗಳು ಸವೆದಿವೆಯೇ ನೋಡಿ. ಮರಳುಗಲ್ಲಿನ ಪುಡಿ ಮಳೆನೀರಿನೊಂದಿಗೆ ಸೇರಿದರೆ ಉಜ್ಜುಕಾಗದದ ಕೆಲಸ ಮಾಡುತ್ತದೆ. ಹೊಸ ಪ್ಯಾಡ್ ಕೂಡ ಕೆಲವೇ ಒದ್ದೆ ದಿನಗಳಲ್ಲಿ ಸವೆಯುತ್ತದೆ.

ನೆಲ ಎಲ್ಲ ಕಡೆ ಒಂದೇ ಅಲ್ಲ ಎನ್ನುವುದೂ ನೆನಪಿರಲಿ. ನಡುವಿನ ಎತ್ತರದ ಮೂರ್‌ಗಳದು ಮರಳುಗಲ್ಲು, ಮೇಲೆ ಪೀಟ್ ಎಂಬ ಕಪ್ಪು ಜವುಗುಮಣ್ಣು. ಮಳೆ ಬಿದ್ದರೂ ಜಲ್ಲಿಯ ಭಾಗ ಗಟ್ಟಿಯಾಗಿಯೇ ಇರುತ್ತದೆ. ದಕ್ಷಿಣ ಅಂಚಿನ ಟ್ಯಾಬ್ಯುಲರ್ ದಿಣ್ಣೆಗಳದು ಸುಣ್ಣಕಲ್ಲು. ಒಣಗಿದ್ದಾಗ ಅದರಷ್ಟು ವೇಗದ ನೆಲ ಬೇರೊಂದಿಲ್ಲ, ಒದ್ದೆಯಾದಾಗ ಮಣ್ಣು ಚಕ್ರಕ್ಕೂ ಚೌಕಟ್ಟಿಗೂ ನಡುವೆ ಅಂಟಿಕೊಂಡು ಸೈಕಲ್ಲನ್ನೇ ನಿಲ್ಲಿಸುತ್ತದೆ. ಎರೆಮಣ್ಣಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಪ್ಪುಮಣ್ಣು:

ನಾನು ಇಷ್ಟೊಂದನ್ನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಮೂರು ಸಂದೇಹಗಳಿವೆ. ಆಗಸ್ಟಿನಲ್ಲಿ ಹಕ್ಕಿ ಬೇಟೆ ನಡೆಯುತ್ತದೆಂದು ಓದಿದೆ, ಆಗ ದಾರಿ ಮುಚ್ಚುತ್ತಾರೆಯೇ? ಮಂಜು ಕವಿದರೆ ಏನು ಮಾಡಬೇಕು? ರೈಲಿನಲ್ಲಿ ಸೈಕಲ್ಲಿಗೆ ಜಾಗ ಸಿಗುವುದು ನಿಶ್ಚಿತವೇ?

ಟೀಸ್ ದಂಡೆ:

ಗ್ರೌಸ್ ಎಂಬ ಮೂರ್ ಹಕ್ಕಿಯ ಬೇಟೆ ಆಗಸ್ಟ್ 12ರಂದು ಶುರುವಾಗಿ ಡಿಸೆಂಬರ್ 10ರವರೆಗೆ ನಡೆಯುತ್ತದೆ. ಹೆದರ್ ನೇರಳೆಯಾಗಿ ಹೂಬಿಡುವುದೂ ಅದೇ ಆಗಸ್ಟಿನಲ್ಲಿ. ಆದ್ದರಿಂದ ನೀವು ಹೋಗುವ ಸಮಯ ಅತ್ಯಂತ ಚೆಂದದ್ದೂ ಹೌದು, ಬಂದೂಕಿನ ಸದ್ದು ಇರುವಂಥದ್ದೂ ಹೌದು. ಬೇಟೆಯೆಂದು ಹಕ್ಕಿನ ದಾರಿಯನ್ನು ಮುಚ್ಚುವಂತಿಲ್ಲ. ಬಾವುಟ ಹಿಡಿದು ಹಕ್ಕಿ ಎಬ್ಬಿಸುವವರ ಸಾಲು ದಾರಿಗೆ ಅಡ್ಡ ಬರುತ್ತಿದ್ದರೆ ನಿಂತು, ಅವರು ಕೈಸನ್ನೆ ಮಾಡಿದ ಮೇಲೆ ಹೋಗುವುದು ವಾಡಿಕೆ. ಐದು ನಿಮಿಷದ ವಿಷಯ. ಈ ಬಯಲುಗಳು ಮರ ಬೆಳೆಯದೆ ಹೀಗೆ ಬೋಳಾಗಿ ಉಳಿದಿರುವುದೇ ಕುರಿ ಮೇಯಿಸುವುದರಿಂದ ಮತ್ತು ಗ್ರೌಸ್‌ಗಾಗಿ ಹೆದರ್ ಪೊದೆಯನ್ನು ಸರದಿಯಂತೆ ಸುಡುವುದರಿಂದ. ಅದು ಪ್ರಕೃತಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಈ ದೇಶದಲ್ಲಿ ಮುಗಿದಿಲ್ಲ. ನನಗೆ ಸುಡುವವರ ಪಕ್ಷ ಅಷ್ಟಾಗಿ ಹಿಡಿಸುವುದಿಲ್ಲ, ಆದರೆ ಆ ಚರ್ಚೆ ಇಲ್ಲಿ ಬೇಡ.

ಬೆಂಕಿಯ ವಿಷಯ ಬಂದಿದ್ದರಿಂದ ಹೇಳುತ್ತೇನೆ: ಚಹಾ ಕಾಯಿಸುವ ಸ್ಟವ್ ಒಯ್ಯಬೇಡಿ. 2025ರ ಆಗಸ್ಟಿನಲ್ಲಿ ಉದ್ಯಾನದ ಪೂರ್ವ ಭಾಗದ ಲ್ಯಾಂಗ್‌ಡೇಲ್ ಮೂರ್‌ಗೆ ಬಿದ್ದ ಬೆಂಕಿ ವಾರಗಟ್ಟಲೆ ಆರಲಿಲ್ಲ. ಪೀಟ್ ಮಣ್ಣು ಒಳಗೊಳಗೇ ಹೊಗೆಯಾಡುತ್ತಿತ್ತು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೂತುಹೋಗಿದ್ದ ಮದ್ದುಗುಂಡುಗಳು ಶಾಖಕ್ಕೆ ಸಿಡಿದವು.

ಮಂಜಿನಲ್ಲಿ ರೈಲುಹಾದಿಯೇ ನಿಮ್ಮ ಆಧಾರ. ಏರಿ ಬಿಟ್ಟು ಇಳಿಯದಿದ್ದರೆ ದಾರಿ ತಪ್ಪುವುದಿಲ್ಲ. ಬ್ಲೋವರ್ತ್ ಕ್ರಾಸಿಂಗ್‌ನಲ್ಲಿ ಮಾತ್ರ ದಿಕ್ಸೂಚಿ ನೋಡಿಯೇ ಹೊರಡಿ. ಅಲ್ಲಿಂದ ದಕ್ಷಿಣಕ್ಕೆ ರಡ್‌ಲ್ಯಾಂಡ್ ರಿಗ್ ಎಂಬ ಹಳೆಯ ರಸ್ತೆ ಬ್ರಾನ್ಸ್‌ಡೇಲ್ ಮತ್ತು ಫಾರ್ನ್‌ಡೇಲ್‌ಗಳ ನಡುವಿನ ದಿಣ್ಣೆಯ ಮೇಲೆ ಹೋಗುತ್ತದೆ. ಅದೂ ಅಗಲವಾದ ಜಲ್ಲಿದಾರಿಯೇ. ತಪ್ಪಿ ಅದನ್ನು ಹಿಡಿದವರು ಹತ್ತಾರು ಕಿಲೋಮೀಟರ್ ಇಳಿದು ಗಿಲ್ಲಮೂರ್ ಎಂಬ ಹಳ್ಳಿಯ ಕಡೆಗೆ ಹೋಗಿಬಿಡುತ್ತಾರೆ. ಬೇಕೆಂದೇ ಹಿಡಿದರೆ ಅದು ನನ್ನ ಅತ್ಯಂತ ಪ್ರೀತಿಯ ದಾರಿ. ಮೇಲೆ ಫೋನಿನ ಸಿಗ್ನಲ್ ಬಹುತೇಕ ಸಿಗುವುದಿಲ್ಲ.

ಎಸ್ಕ್ ಕಣಿವೆಯಲ್ಲಿ ದಿನಕ್ಕೆ ಕೆಲವೇ ರೈಲುಗಳು ಓಡುತ್ತವೆ. ಒಂದು ರೈಲಿನಲ್ಲಿ ಒಂದೆರಡು ಸೈಕಲ್ಲಿಗೆ ಮಾತ್ರ ಸ್ಥಳ, ಮೊದಲು ಬಂದವರಿಗೆ ಮೊದಲು. ಬೆಳಗಿನ ರೈಲಿಗೇ ಹೋಗಿ.

ಮಲೆನಾಡಿಗ:

ಉಣುಗಿನ ವಿಷಯವನ್ನು ಯಾರೂ ಎತ್ತಲಿಲ್ಲ. ಹೆದರ್ ಪೊದೆಗಳಲ್ಲಿಯೂ ಬ್ರಾಕನ್ ಎಂಬ ಜರಿಗಿಡದ ಮೆಳೆಗಳಲ್ಲಿಯೂ ಉಣುಗು ಇರುತ್ತದೆ, ಅಲ್ಲಿ ಅದರಿಂದ ಬರುವುದು ಲೈಮ್ ಕಾಯಿಲೆ. ಮಂಗನ ಕಾಯಿಲೆಯ ಊರಿನವರಿಗೆ ಈ ಜಾಗ್ರತೆ ರಕ್ತದಲ್ಲೇ ಇರುತ್ತದೆ, ಬಯಲುಸೀಮೆಯವರು ಮರೆಯುತ್ತಾರೆ. ಸಂಜೆ ಮೈಯೆಲ್ಲ ಒಮ್ಮೆ ನೋಡಿಕೊಳ್ಳಿ.

ಹಳೆಹಳಿ:

ಕಡಲತೀರದ ಸಿಂಡರ್ ಟ್ರ್ಯಾಕನ್ನು ಬಿಡಬಾರದು. ವಿಟ್ಬಿಯಿಂದ ಸ್ಕಾರ್‌ಬರೋದ ತನಕ 1885ರಲ್ಲಿ ತೆರೆದು 1965ರಲ್ಲಿ ಮುಚ್ಚಿದ ರೈಲುಹಾದಿ ಅದು, ಸುಮಾರು 35 ಕಿಲೋಮೀಟರ್. ಹಳಿಗಳ ಕೆಳಗೆ ಜಲ್ಲಿಯ ಬದಲು ಕಲ್ಲಿದ್ದಲ ಕಿಟ್ಟವನ್ನು ಹಾಸಿದ್ದರಿಂದ ಆ ಹೆಸರು. ವಿಟ್ಬಿ ಬಿಡುತ್ತಿದ್ದಂತೆಯೇ ಎಸ್ಕ್ ನದಿಯ ಮೇಲಿನ ಲಾರ್‌ಪೂಲ್ ಸೇತುವೆ ಬರುತ್ತದೆ: ಹದಿಮೂರು ಕಮಾನು, 38 ಮೀಟರ್ ಎತ್ತರ, ಪೂರ್ತಿ ಇಟ್ಟಿಗೆಯ ಕಟ್ಟಡ. ಸೈಕಲ್ಲಿನಲ್ಲಿ ಅದರ ಮೇಲೆ ಹಾಯುವುದಕ್ಕಾಗಿಯೇ ಈ ದಾರಿಗೆ ಹೋಗಬಹುದು.

ಮೇಲಿನ ರೋಸ್‌ಡೇಲ್ ಹಾದಿಯಂತೆ ಇದು ಸಮತಟ್ಟಲ್ಲ. ರಾಬಿನ್ ಹುಡ್ಸ್ ಬೇಯಿಂದ ರೇವನ್‌ಸ್ಕಾರ್‌ಗೆ 39ಕ್ಕೆ 1ರ ಏರು. ಸೈಕಲ್ಲಿಗೆ ಅದು ಬಿಡುವಿಲ್ಲದೆ ಎಳೆಯುವ ಮೆಲುವಾದ ಏರು, ಎಂಜಿನ್ನಿಗೆ ಅದು ಯಮಯಾತನೆಯಾಗಿತ್ತು. ಸುಮಾರು 190 ಮೀಟರ್ ಎತ್ತರದ ರೇವನ್‌ಸ್ಕಾರ್‌ನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ದೊಡ್ಡದೊಂದು ವಿಹಾರಪಟ್ಟಣ ಕಟ್ಟಲು ಹೊರಟು, ರಸ್ತೆಗಳನ್ನೂ ಚರಂಡಿಗಳನ್ನೂ ಹಾಕಿ, ಮನೆ ಕೊಳ್ಳುವವರು ಬಾರದೆ ಕೈಬಿಟ್ಟರು. ಮನೆಗಳಿಲ್ಲದ ಆ ಬೀದಿಗಳ ಗುರುತು ಈಗಲೂ ಉಂಟು. ದಾರಿಯ ಕೆಲವು ಭಾಗಗಳನ್ನು ಈಚೆಗೆ ಚೆನ್ನಾಗಿ ಮಾಡಿದ್ದಾರೆ, ಕೆಲವು ಕಡೆ ಬೇರು ಮತ್ತು ಕೆಸರು. ರಜಾದಿನಗಳಲ್ಲಿ ಮಕ್ಕಳು, ನಾಯಿಗಳು, ಕುದುರೆಗಳು ಎಲ್ಲವೂ ಇರುತ್ತವೆ. ಬೆಲ್ ಇಲ್ಲದೆ ಹೋಗಬೇಡಿ.

ಲೀಡ್ಸ್‌ವಾಸಿ:

ಪಶ್ಚಿಮದ ಅಂಚನ್ನು ಎಲ್ಲರೂ ಮರೆತರು. ಆಸ್‌ಮದರ್ಲಿ ಹಳ್ಳಿಯ ಮೇಲಿನಿಂದ ಬ್ಲ್ಯಾಕ್ ಹ್ಯಾಂಬಲ್‌ಟನ್ ದಿಣ್ಣೆಯ ಪಕ್ಕದಲ್ಲಿ ದಕ್ಷಿಣಕ್ಕೆ ಸಟನ್ ಬ್ಯಾಂಕ್ ಎಂಬ ಕಡಿದಾದ ದಿಣ್ಣೆಯಂಚಿನ ಕಡೆ ಹೋಗುವ ಹ್ಯಾಂಬಲ್‌ಟನ್ ಡ್ರೋವ್ ರೋಡ್ ರೈಲಿಗಿಂತ ಎಷ್ಟೋ ಹಳೆಯದು. ಸ್ಕಾಟ್ಲೆಂಡಿನ ದನಗಳನ್ನು ದಕ್ಷಿಣದ ಸಂತೆಗಳಿಗೆ ಹೊಡೆದುಕೊಂಡು ಹೋಗುತ್ತಿದ್ದವರು ಕೆಳಗಿನ ಸುಂಕದ ರಸ್ತೆಗಳನ್ನು ತಪ್ಪಿಸಲು ಈ ನೆತ್ತಿಯ ದಾರಿಯನ್ನು ಹಿಡಿಯುತ್ತಿದ್ದರು. ಎರಡು ಕಲ್ಲಿನ ಗೋಡೆಗಳ ನಡುವೆ ಅಷ್ಟೊಂದು ಅಗಲ ಬಿಟ್ಟಿರುವುದು ದನಗಳ ಹಿಂಡಿಗಾಗಿ. ಮೊದಲ ಏರು ಮುರುಕಲ್ಲಿನದು, ಸ್ವಲ್ಪ ತಳ್ಳಬೇಕಾದೀತು. ಆಮೇಲೆ ಸುಣ್ಣಕಲ್ಲಿನ ಹುಲ್ಲುದಾರಿ, ಬಲಕ್ಕೆ ಯಾರ್ಕ್ ಬಯಲು ಪೂರ್ತಿ ಕಾಣುತ್ತದೆ. ಎರಡು ಒಣ ದಿನಗಳ ನಂತರ ಮಾತ್ರ ಹೋಗಿ. ನಾರ್ತಲರ್ಟನ್ ರೈಲು ನಿಲ್ದಾಣದಿಂದ ಆಸ್‌ಮದರ್ಲಿಗೆ ಡಾಂಬರು ರಸ್ತೆಯಿದೆ.

ಇಷ್ಟಾದ ಮೇಲೂ ನಾನು ನನ್ನ ಮಾತನ್ನು ಬಿಡುವುದಿಲ್ಲ: ರೋಸ್‌ಡೇಲ್‌ಗೆ ಇಳಿಯದೆ ಹಿಂತಿರುಗಬೇಡಿ.

ಕಪ್ಪುಮಣ್ಣು:

ಎಲ್ಲರ ಮಾತನ್ನೂ ಸೇರಿಸಿ ಹೀಗೆ ಯೋಚಿಸಿದ್ದೇನೆ. ಮೊದಲು ಸಿಂಡರ್ ಟ್ರ್ಯಾಕ್‌ನಲ್ಲಿ ಬಾಡಿಗೆಯ ಸೈಕಲ್ಲನ್ನು ಪಳಗಿಸಿಕೊಳ್ಳುವುದು. ಆಮೇಲೆ ಕಾಸಲ್‌ಟನ್ ಮೂರ್ ನಿಲ್ದಾಣದಲ್ಲಿ ಇಳಿದು, ರಾಲ್ಫ್ ಕ್ರಾಸ್ ಎಂಬ ಕಲ್ಲಿನ ಶಿಲುಬೆಯ ಬಳಿ ಹಾದು, ಬ್ಲೇಕಿ ತಲುಪಿ, ಅಲ್ಲಿಂದ ರೈಲುಹಾದಿಯಲ್ಲಿ ಬ್ಯಾಟರ್ಸ್‌ಬಿಗೆ. ರಾತ್ರಿ ಬ್ಲೇಕಿಯಲ್ಲಿ ಕೊಠಡಿ ಸಿಕ್ಕರೆ ನಡುವೆ ಒಂದು ದಿನ ರೋಸ್‌ಡೇಲ್ ಸುತ್ತು. ಮಳೆ ಬಾರದಿದ್ದರೆ ಡ್ರೋವ್ ರೋಡ್. ಸರಿಯಿದೆಯೇ?

ಟೀಸ್ ದಂಡೆ:

ಒಂದೇ ತಿದ್ದುಪಡಿ, ದಿಕ್ಕನ್ನು ತಿರುಗಿಸಿ. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಕಾಸಲ್‌ಟನ್‌ನಿಂದ ಹೊರಟರೆ ಬ್ಲೇಕಿಯಿಂದಾಚೆಯ ಬೋಳು ಭಾಗವೆಲ್ಲ ಎದುರುಗಾಳಿ, ಕೊನೆಯಲ್ಲಿ ಇಂಕ್ಲೈನಿನ ಸಡಿಲ ಕಲ್ಲಿನ ಮೇಲೆ ದಣಿದ ಕೈಗಳಿಂದ ಬ್ರೇಕ್ ಹಿಡಿದು ಇಳಿಯಬೇಕು. ಬ್ಯಾಟರ್ಸ್‌ಬಿಯಿಂದ ಹೊರಟರೆ ಬೆಳಗಿನ ಹುರುಪಿನಲ್ಲಿ ಇಂಕ್ಲೈನ್ ತಳ್ಳಿ ಮುಗಿಯುತ್ತದೆ, ಗಾಳಿ ಬೆನ್ನಿಗಿರುತ್ತದೆ, ಬ್ಲೇಕಿಯಲ್ಲಿ ತಂಗಿ, ಮರುದಿನ ಮೇಡಂ ಹೇಳಿದ ರೋಸ್‌ಡೇಲ್ ಮುಗಿಸಿ, ಕಾಸಲ್‌ಟನ್ ರಿಗ್ ಎಂಬ ದಿಣ್ಣೆಯ ಡಾಂಬರು ರಸ್ತೆಯಲ್ಲಿ ನಿಲ್ದಾಣದವರೆಗೆ ಇಳಿದು ಹೋಗಬಹುದು. ದೂರ ಎರಡೂ ಕಡೆಯಿಂದ ಒಂದೇ, ಮೂವತ್ತು ಚಿಲ್ಲರೆ ಕಿಲೋಮೀಟರ್, ರೋಸ್‌ಡೇಲ್ ಸುತ್ತು ಬೇರೆ. ಲಯನ್ ಇನ್‌ನಲ್ಲಿ ಆಗಸ್ಟಿನ ಕೊಠಡಿ ಬೇಗ ತುಂಬುತ್ತದೆ, ಇಂಗ್ಲೆಂಡನ್ನು ಕಡಲಿನಿಂದ ಕಡಲಿಗೆ ಕಾಲ್ನಡಿಗೆಯಲ್ಲಿ ದಾಟುವವರು ಬಹಳ ಮಂದಿ ಅಲ್ಲಿಯೇ ತಂಗುತ್ತಾರೆ. ವಿಮಾನದ ಟಿಕೆಟ್ ಆದ ಕೂಡಲೇ ಅದನ್ನು ಕಾಯ್ದಿರಿಸಿ.